ತಂದೆಯ ಹೆಸರು ಕೇಳುವ ಮುನ್ನ



ಭಾನುವಾರದ ಬಲಿಪೂಜೆ ಮುಗಿದಿದೆ ಎಂದುಕೊಳ್ಳಿ. ಜನರು ದೇವಾಲಯದ ಅಂಗಳದಲ್ಲಿ ನಿಂತು ಮಳೆಯ ಮಾತು, ಶೇಂಗಾ ಧಾರಣೆಯ ಮಾತು ಆಡುತ್ತಿದ್ದಾರೆ. ಕೂಡ್ಲಿಗಿ ಕಡೆಯ ಹಳ್ಳಿಯೊಂದರಿಂದ ಬಂದ ತಾಯಿಯೊಬ್ಬಳು ಮೂರು ತಿಂಗಳ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಯ ಮಗ್ಗುಲಲ್ಲಿ ಕಾಯುತ್ತಿದ್ದಾಳೆ. ಎಲ್ಲರೂ ಹೋದ ಮೇಲೆ ಒಳಗೆ ಬರುತ್ತಾಳೆ. ಚಿಕ್ಕಂದಿನಲ್ಲೇ ಜ್ಞಾನಸ್ನಾನ ಪಡೆದವಳು ಅವಳು. ಬರಗಾಲದಲ್ಲಿ ಊರವರೊಂದಿಗೆ ಗುಳೆ ಹೋದಳು. ಕೆಲಸಕ್ಕೆ ಹೋದಲ್ಲಿ ಒಬ್ಬನು ಮದುವೆಯ ಮಾತು ಕೊಟ್ಟ, ಹೊಟ್ಟೆಯಲ್ಲಿ ಕೂಸು ಮೂಡಿದಾಗ ಕಾಣೆಯಾದ. ಈಗ ಅವಳಿಗೆ ಒಂದೇ ಆಸೆ: ಕೂಸಿಗೆ ಜ್ಞಾನಸ್ನಾನವಾಗಬೇಕು.

ಮೇಜಿನ ಮೇಲೆ ಅರ್ಜಿ ಇದೆ. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು. ಇಷ್ಟಕ್ಕೂ ಉತ್ತರ ಬಂತು. ಮುಂದಿನ ಸಾಲಿಗೆ ಬಂದಾಗ ಅವಳು ತಲೆ ತಗ್ಗಿಸಿದಳು. ಬರೆಯುತ್ತಿದ್ದ ಹಿರಿಯರು ಲೇಖನಿ ಕೆಳಗಿಟ್ಟು, “ಅಪ್ಪನ ಹೆಸರಿಲ್ದ ಹೆಂಗ ಬರೀಲವ್ವಾ? ಅವನ್ನ ಕರಕೊಂಡು ಬಾ, ಆಮ್ಯಾಲೆ ನೋಡಾನ” ಎಂದರು. ಅವಳು ಮರುಮಾತಾಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಇದು ಯಾವುದೋ ಒಂದು ಊರಿನಲ್ಲಿ ನಡೆದ ಸಂಗತಿ ಎಂದು ನಾನು ಹೇಳುತ್ತಿಲ್ಲ. ಯಾವ ಊರಿನಲ್ಲಾದರೂ ನಡೆಯಬಹುದಾದದ್ದು ಎಂದು ಹೇಳುತ್ತಿದ್ದೇನೆ. ಆ ಹಿರಿಯರು ಕೆಟ್ಟವರಲ್ಲ. ಕೊಟ್ಟ ಕೆಲಸವನ್ನು ಕ್ರಮವಾಗಿ ಮಾಡಬೇಕೆಂಬ ಆಸೆ ಅವರದು. ಕಾಗದದ ಒಂದು ಸಾಲು ಖಾಲಿ ಉಳಿಯಬಾರದೆಂದು ಅವರು ಒಂದು ಕೂಸನ್ನು ಹೊರಗೆ ಕಳುಹಿಸಿದರು. ಅಕ್ಷರ ಉಳಿಯಿತು, ಆದರೆ ಅದರ ಜೀವ ಆ ಬಸ್ಸಿನಲ್ಲಿ ಹೋಯಿತು.

ನಮ್ಮ ಸೀಮೆಯ ಹಳೆಯ ಗಾಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದ ಮೇಲೆ ಈ ಐದೂ ತಾಲೂಕುಗಳು ಅದರೊಳಗಿವೆ. ಹಡಗಲಿಯ ಮಲ್ಲಿಗೆ, ಕೊಟ್ಟೂರಿನ ತೇರು, ಮೈಲಾರದ ಕಾರಣಿಕ ಎಂದರೆ ನಾಡೆಲ್ಲ ಬಲ್ಲದು. ಆದರೆ ‘ಅಪ್ಪ ಯಾರು?’ ಎಂಬ ಪ್ರಶ್ನೆ ಇಲ್ಲಿ ಎಷ್ಟು ಮಕ್ಕಳ ಬಾಯಿ ಕಟ್ಟಿಸಿದೆ ಎಂಬುದನ್ನು ಹೊರಗಿನವರು ಬಲ್ಲರೇ?

‘ಬಸವಿ ಬಿಡುವುದು’, ‘ಮುತ್ತು ಕಟ್ಟುವುದು’ ಎಂದು ಹಿಂದಿನವರು ಹೇಳುತ್ತಿದ್ದ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬೇರುಬಿಟ್ಟಿತ್ತು. ಹೆಚ್ಚಾಗಿ ದಲಿತರ ಬಡ ಮನೆಗಳ ಹೆಣ್ಣುಮಕ್ಕಳೇ ಅದಕ್ಕೆ ಬಲಿಯಾದವರು. ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿಯನ್ನು ಊರಿನ ಉಳ್ಳವರು ಬಳಸಿಕೊಂಡರು. ಹುಟ್ಟಿದ ಮಕ್ಕಳಿಗೆ ತಾಯಿ ಇದ್ದಳು, ತಂದೆ ಇರಲಿಲ್ಲ. ತಂದೆ ಇದ್ದನು ಎನ್ನಿ, ಆದರೆ ಅವನ ಹೆಸರು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಕಾನೂನು ಸುಮ್ಮನೆ ಕೂರಲಿಲ್ಲ. ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತ್ಯದಲ್ಲಿದ್ದಾಗಲೇ, 1947ರಲ್ಲಿ, ಹೆಣ್ಣುಮಕ್ಕಳನ್ನು ಹೀಗೆ ಬಿಡುವುದನ್ನು ತಡೆಯುವ ಶಾಸನ ಬಂತು. 1982ರಲ್ಲಿ ಕರ್ನಾಟಕ ರಾಜ್ಯವೂ ನಿಷೇಧ ಕಾಯ್ದೆ ಮಾಡಿತು. ಹಾಗಿದ್ದರೂ 1993–94ರಲ್ಲಿ ಮತ್ತು 2007–08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿ ತಾಯಂದಿರ ಹೆಸರು ದಾಖಲಾಯಿತು. ಪುಸ್ತಕದಲ್ಲಿ ಅಕ್ಷರ ಬರೆದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆ ತಾಯಂದಿರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ನಡುವೆ ಇದ್ದಾರೆ. ನಮ್ಮ ಮಕ್ಕಳೊಂದಿಗೆ ಶಾಲೆಗೆ ಹೋಗುತ್ತಾರೆ, ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಾರೆ. ಕೆಲವರು ನಮ್ಮ ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಅವರೊಂದಿಗೆ, ಗುಳೆ ಹೋದಲ್ಲಿ ಮೋಸಹೋದ ಹೆಣ್ಣುಮಕ್ಕಳ ಕೂಸುಗಳೂ ಇವೆ, ಗಂಡ ಬಿಟ್ಟುಹೋದವರ ಮಕ್ಕಳೂ ಇದ್ದಾರೆ. ಇವರೆಲ್ಲರ ಮುಂದೆ ನಾವು ದೇವರ ಕಾನೂನನ್ನು ಹೇಗೆ ಹಿಡಿದು ನಿಲ್ಲುತ್ತೇವೆ? ಇದೇ ಇಂದಿನ ಚಿಂತನೆ.

ಕಾನೂನು ಯಾರಿಗಾಗಿ?

ಸುಗ್ಗಿಗೆ ಮುಂಚೆ, ಜೋಳದ ತೆನೆಯಲ್ಲಿ ಕಾಳು ಇನ್ನೂ ಎಳಸಾಗಿರುವಾಗ, ನಾವು ಸೀತನಿ ತಿನ್ನುತ್ತೇವೆ. ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳುತ್ತೇವೆ. ದಾರಿಯಲ್ಲಿ ಹೋಗುವ ಹಸಿದವನು ಎರಡು ತೆನೆ ಮುರಿದರೆ ಹೊಲದ ಒಡೆಯನು ಬೈಯುವುದಿಲ್ಲ. ಮೋಶೆಯ ಕಾನೂನಿನಲ್ಲೂ ಅದೇ ಮರ್ಯಾದೆ ಇತ್ತು. ನೆರೆಯವನ ಹೊಲದಲ್ಲಿ ಕೈಯಿಂದ ತೆನೆ ಕೀಳಬಹುದಿತ್ತು, ಕುಡುಗೋಲು ಮಾತ್ರ ಹಾಕುವಂತಿರಲಿಲ್ಲ (ಧರ್ಮೋಪದೇಶಕಾಂಡ 23:25).

ಯೇಸುಸ್ವಾಮಿಯ ಶಿಷ್ಯರು ಹಸಿದು ತೆನೆ ಕಿತ್ತಾಗ ಫರಿಸಾಯರು ಕಳ್ಳತನ ಎನ್ನಲಿಲ್ಲ. ಅವರ ತಕರಾರು ಬೇರೆ: ಅಂದು ಸಬ್ಬತ್‌ದಿನ. ಅವರ ಲೆಕ್ಕದಲ್ಲಿ ತೆನೆ ಕೀಳುವುದೆಂದರೆ ಕೊಯ್ಲು. ವಿಶ್ರಾಂತಿಯ ದಿನ ಕೊಯ್ಲು ಕೂಡದು. ಯೇಸು ಏನು ಮಾಡಿದರು? ಹಸಿದಿದ್ದ ದಾವೀದನು ಯಾಜಕರಿಗೆ ಮೀಸಲಾದ ನೈವೇದ್ಯದ ರೊಟ್ಟಿಯನ್ನು ತಿಂದದ್ದನ್ನು ನೆನಪಿಸಿದರು. ಸಬ್ಬತ್ ಇರುವುದು ಮನುಷ್ಯನ ಒಳಿತಿಗೆ, ಮನುಷ್ಯನು ಸಬ್ಬತ್ತಿಗೆ ಊಳಿಗದವನಲ್ಲ ಎಂದು ತಿಳಿಸಿದರು (ಮಾರ್ಕ 2:23–28).

ಇಲ್ಲಿ ಒಂದು ಮಾತು ಗಮನಿಸಿ. ಸಬ್ಬತ್ ಬೇಡವೆಂದು ಯೇಸು ಹೇಳಲಿಲ್ಲ. ಅದು ಹುಟ್ಟಿದ್ದೇ ದಣಿದವರಿಗಾಗಿ ಎಂದು ನೆನಪಿಸಿದರು. ಈಜಿಪ್ಟಿನಲ್ಲಿ ಬಿಡುವಿಲ್ಲದೆ ಇಟ್ಟಿಗೆ ಹೊತ್ತ ಜನರಿಗೆ ದೇವರು ಕೊಟ್ಟ ಬಿಡುವು ಅದು. ಆಳಿಗೂ ಎತ್ತಿಗೂ ಪರದೇಶಿಗೂ ಅಂದು ವಿಶ್ರಾಂತಿ. ಅಂಥ ದಿನವನ್ನೇ ಹಸಿದವನ ಕೈ ಹಿಡಿಯಲು ಬಳಸಿದರೆ, ಅದನ್ನು ಕೊಟ್ಟ ದೇವರಿಗೆ ಸಂತೋಷವಾದೀತೇ?

ನಮ್ಮ ಧರ್ಮಸಭೆಯೂ ಹೀಗೆಯೇ ನಡೆಯುತ್ತದೆ. ಭಾನುವಾರದ ಪೂಜೆ ನಮ್ಮ ಕರ್ತವ್ಯ. ಆದರೆ ಕಬ್ಬು ಕಡಿಯಲು ದೂರ ಹೋದವರು, ಅಲ್ಲಿ ಗುರುಗಳಿಲ್ಲದೆ ಪೂಜೆಗೆ ದಾರಿಯೇ ಇಲ್ಲದಿದ್ದರೆ, ದೇವರ ವಾಕ್ಯದ ಆರಾಧನೆಯಲ್ಲಿ ಕೂಡಲಿ, ಇಲ್ಲವೆ ಮನೆಮಂದಿ ಒಟ್ಟಾಗಿ ಪ್ರಾರ್ಥಿಸಲಿ ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿ ಪ್ರೋತ್ಸಾಹಿಸುತ್ತದೆ. ಆ ಸಂಹಿತೆಯ ಕಟ್ಟಕಡೆಯ ವಿಧಿ 1752. ಆತ್ಮಗಳ ರಕ್ಷಣೆಯೇ ಧರ್ಮಸಭೆಯಲ್ಲಿ ಎಲ್ಲಕ್ಕೂ ಮೇಲಾದ ಕಾನೂನು ಎಂಬುದನ್ನು ಅದು ನೆನಪಿಸುತ್ತದೆ. ಹಿಂದಿನ 1751 ವಿಧಿಗಳನ್ನೂ ಆ ಬೆಳಕಿನಲ್ಲೇ ಓದಬೇಕು. ಅಕ್ಷರವಷ್ಟೇ ಆದರೆ ಕೊಲ್ಲುತ್ತದೆ, ಬದುಕಿಸುವವರು ಪವಿತ್ರಾತ್ಮರು ಎಂದು ಪ್ರೇಷಿತ ಪೌಲರು ಕೊರಿಂಥದವರಿಗೆ ತಿಳಿಸಿದ್ದೂ ಇದನ್ನೇ (2 ಕೊರಿಂಥ 3:6).

ಅರ್ಧ ಓದಿದ ಕಾನೂನು

“ಆದರೆ ಬೈಬಲಿನಲ್ಲೇ ಇದೆಯಲ್ಲ” ಎಂದು ಕೆಲವರು ಕೇಳಬಹುದು. ಹೌದು, ಇದೆ. ಹಾದರದಿಂದ ಹುಟ್ಟಿದವನು ಸರ್ವೇಶ್ವರನ ಸಭೆಗೆ ಸೇರಬಾರದು, ಅವನ ಹತ್ತನೆಯ ತಲೆಮಾರೂ ಸೇರಬಾರದು ಎಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ (23:2). ಅದನ್ನು ಮುಚ್ಚಿಡುವುದು ಬೇಡ. ಆದರೆ ಅಲ್ಲಿಗೇ ಪುಸ್ತಕ ಮಡಿಸುವುದೂ ಬೇಡ. ಇನ್ನೂ ಸ್ವಲ್ಪ ಪುಟ ತಿರುಗಿಸೋಣ.

ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಪ್ತಾಹ ಎಂಬವನಿದ್ದಾನೆ. ಅವನು ವೇಶ್ಯೆಯೊಬ್ಬಳ ಮಗ. ತಂದೆಯ ಮದುವೆಯ ಮಕ್ಕಳು ದೊಡ್ಡವರಾದ ಮೇಲೆ, ‘ನೀನು ಬೇರೆ ಹೆಂಗಸಿನ ಮಗ, ನಿನಗೆ ಪಾಲಿಲ್ಲ’ ಎಂದು ಅವನನ್ನು ಮನೆಯಿಂದ ಅಟ್ಟಿದರು. ಮುಂದೆ ಶತ್ರುಗಳು ಏರಿ ಬಂದಾಗ ಅದೇ ಊರಿನ ಹಿರಿಯರು ಅವನ ಬಾಗಿಲಿಗೆ ಹೋಗಿ ‘ನಮ್ಮ ನಾಯಕನಾಗು’ ಎಂದು ಬೇಡಿಕೊಂಡರು (ನ್ಯಾಯಸ್ಥಾಪಕರು 11). ಅವನ ಬಾಳಿನಲ್ಲಿ ದೊಡ್ಡ ತಪ್ಪೂ ಇತ್ತು, ನಿಜ. ಆದರೂ ಹಿಬ್ರಿಯರಿಗೆ ಬರೆದ ಪತ್ರವು ವಿಶ್ವಾಸದ ವೀರರನ್ನು ಎಣಿಸುವಾಗ ದಾವೀದ, ಸಮುವೇಲರ ಜೊತೆಗೆ ಯೆಪ್ತಾಹನ ಹೆಸರನ್ನೂ ಹೇಳುತ್ತದೆ (11:32). ಸಭೆಗೆ ಸೇರಬಾರದು ಎಂದು ಊರವರು ದೂರವಿಟ್ಟವನನ್ನು ದೇವರು ಸಭೆಯ ಮುಂದೆ ನಿಲ್ಲಿಸಿದರು.

ಇನ್ನೊಂದು ಕಡೆ ನೋಡಿ. ಹಾದರದಲ್ಲಿ ಸಿಕ್ಕವಳೆಂದು ಒಬ್ಬ ಹೆಂಗಸನ್ನು ಎಳೆತಂದು ಯೇಸುಸ್ವಾಮಿಯ ಮುಂದೆ ನಿಲ್ಲಿಸಿದರು. ಕೈಯಲ್ಲಿ ಕಲ್ಲು, ಬಾಯಲ್ಲಿ ಮೋಶೆಯ ಹೆಸರು (ಯೊವಾನ್ನ 8). ಮೋಶೆಯ ಕಾನೂನು ಏನು ಹೇಳುತ್ತದೆ? ಗಂಡಸು, ಹೆಂಗಸು ಇಬ್ಬರಿಗೂ ಶಿಕ್ಷೆ ಎನ್ನುತ್ತದೆ (ಯಾಜಕಕಾಂಡ 20:10). ಹಾಗಾದರೆ ಗಂಡಸೆಲ್ಲಿ? ಅವನನ್ನು ಯಾರೂ ಎಳೆದು ತಂದಿರಲಿಲ್ಲ. ಅಕ್ಷರ ಅಕ್ಷರ ಎಂದು ಕೂಗುವವರು ಅಕ್ಷರವನ್ನೂ ಪೂರ್ತಿ ಓದಿರುವುದಿಲ್ಲ. ತಮಗೆ ಬೇಕಾದ ಅರ್ಧವನ್ನು ಮಾತ್ರ ಓದಿರುತ್ತಾರೆ.

ನಮ್ಮ ಊರುಗಳಲ್ಲೂ ಇದೇ ಅಲ್ಲವೇ? ತಾಯಿ ಕೂಸನ್ನು ಎತ್ತಿಕೊಂಡು ತಲೆ ತಗ್ಗಿಸಿ ನಡೆಯುತ್ತಾಳೆ. ಆ ಕೂಸಿಗೆ ಕಾರಣನಾದವನು ಹೋಟೆಲಿನ ಮುಂದೆ ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಇನ್ನು ಕೂಸು? ಯಾವ ಕಟ್ಟಳೆಯನ್ನೂ ಮುರಿಯದೆ ಇದ್ದದ್ದು ಅದೊಂದೇ. ಶಿಕ್ಷೆ ಮಾತ್ರ ಅದಕ್ಕೆ ಬಾಳಿಡೀ.

ಜೋಸೆಫರ ನೀತಿ

ಈಗ ನಜರೇತಿಗೆ ಹೋಗೋಣ. ಮರಿಯಮ್ಮನವರಿಗೆ ಜೋಸೆಫರೊಂದಿಗೆ ವಿವಾಹ ನಿಶ್ಚಯವಾಗಿತ್ತು. ಒಂದುಗೂಡುವ ಮೊದಲೇ ಅವರು ಗರ್ಭಿಣಿಯೆಂದು ತಿಳಿದುಬಂತು. ಅದು ಪವಿತ್ರಾತ್ಮರ ಕಾರ್ಯವೆಂದು ಜೋಸೆಫರಿಗೆ ಇನ್ನೂ ಗೊತ್ತಿರಲಿಲ್ಲ. ಅವರ ಮುಂದಿದ್ದದ್ದು ಎರಡೇ: ಕಣ್ಣಿಗೆ ಕಂಡ ಸಂಗತಿ, ಮತ್ತು ಕೈಯಲ್ಲಿದ್ದ ಕಾನೂನು. ನಿಶ್ಚಿತಾರ್ಥವಾದ ಹೆಣ್ಣು ತಪ್ಪಿ ನಡೆದರೆ ಊರಬಾಗಿಲಿನಲ್ಲಿ ಕಲ್ಲೆಸೆದು ಕೊಲ್ಲಬೇಕೆಂಬ ಕಟ್ಟಳೆಯೂ ಆ ಕಾನೂನಿನಲ್ಲಿತ್ತು (ಧರ್ಮೋಪದೇಶಕಾಂಡ 22).

ಮತ್ತಾಯರು ಜೋಸೆಫರನ್ನು ‘ನೀತಿವಂತ’ ಎನ್ನುತ್ತಾರೆ. ಧರ್ಮಶಾಸ್ತ್ರಿಗಳ ಲೆಕ್ಕದಲ್ಲಿ ನೀತಿವಂತ ಎಂದರೆ ಕಾನೂನಿಗೆ ತಕ್ಕಂತೆ ನಡೆಯುವವನು. ಆದರೆ ಮತ್ತಾಯರು ಏನು ಹೇಳುತ್ತಾರೆ ನೋಡಿ. ಅವರು ನೀತಿವಂತರಾಗಿದ್ದುದರಿಂದಲೇ ಆಕೆಯನ್ನು ಹತ್ತು ಜನರ ಮುಂದೆ ಅವಮಾನಪಡಿಸಲು ಮನಸ್ಸು ಮಾಡಲಿಲ್ಲ, ಸದ್ದಿಲ್ಲದೆ ಸಂಬಂಧ ಬಿಡಲು ಯೋಚಿಸಿದರು (1:19). ದೇವದೂತನ ಕನಸು ಬಿದ್ದದ್ದು ಆಮೇಲೆ. ಸತ್ಯ ತಿಳಿಯುವ ಮುಂಚೆಯೇ ಅವರು ದಯೆಯನ್ನು ಆರಿಸಿಕೊಂಡಿದ್ದರು. ಪ್ರಿಯರೇ, ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಿ. ‘ಅವಳ ಸಂಗತಿ ಪೂರ್ತಿ ತಿಳಿಯಲಿ, ಆಮೇಲೆ ಕರುಣೆ ತೋರಿಸೋಣ’ ಎನ್ನುತ್ತೇವೆ ನಾವು. ಜೋಸೆಫರು ಹಾಗೆ ಕಾಯಲಿಲ್ಲ.

ಕನಸಿನಲ್ಲಿ ದೇವದೂತನು ಅವರಿಗೆ ಒಂದು ಕೆಲಸ ಒಪ್ಪಿಸಿದನು: ಮಗುವಿಗೆ ಹೆಸರಿಡಬೇಕು. ಹೆಸರಿಡುವುದೆಂದರೆ ‘ಈ ಮಗು ನನ್ನ ಮನೆಯದು’ ಎಂದು ಊರ ಮುಂದೆ ಒಪ್ಪಿಕೊಳ್ಳುವುದು. ಜೋಸೆಫರು ಒಪ್ಪಿಕೊಂಡರು. ದೇವರ ಮಗನು ದಾವೀದನ ವಂಶದವನೆಂದು ಎಣಿಸಲ್ಪಟ್ಟದ್ದು, ತನ್ನ ರಕ್ತವಲ್ಲದ ಕೂಸನ್ನು ತನ್ನದೆಂದ ಈ ಬಡಗಿಯಿಂದ. ಆ ವಂಶಾವಳಿಯಲ್ಲಿ ಮತ್ತಾಯರು ಮರಿಯಮ್ಮನವರಿಗಿಂತ ಮೊದಲು ನಾಲ್ಕು ಹೆಂಗಸರನ್ನು ಸ್ಮರಿಸಿದ್ದಾರೆ: ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ. ಊರು ಪಿಸುಗುಟ್ಟುವಂಥ ಕಥೆ, ಇಲ್ಲವೆ ಪರದೇಶದ ಹುಟ್ಟು, ಅವರ ಬೆನ್ನಿಗಿತ್ತು. ರಕ್ಷಕನ ಮನೆತನದ ಪಟ್ಟಿಯಿಂದ ದೇವರು ಅವರ ಹೆಸರನ್ನು ಅಳಿಸಲಿಲ್ಲ.

ಜೋಸೆಫರು ಕಾನೂನನ್ನು ಬದಿಗೆ ಎಸೆದವರೇ? ಅಲ್ಲ. ಎಂಟನೆಯ ದಿನ ಮಗುವಿಗೆ ಸುನ್ನತಿಯಾಯಿತು. ಶುದ್ಧೀಕರಣದ ದಿನಗಳು ತುಂಬಿದಾಗ ಮಗುವನ್ನು ಜೆರುಸಲೇಮಿನ ದೇವಾಲಯಕ್ಕೆ ಒಯ್ದು ವಿಧಿಯಂತೆ ಕಾಣಿಕೆ ಸಲ್ಲಿಸಿದರು. ಕುರಿ ಕೊಡಲು ಶಕ್ತಿಯಿಲ್ಲದವರು ಎರಡು ಹಕ್ಕಿಗಳನ್ನು ಕೊಟ್ಟರೆ ಸಾಕು ಎಂದು ಕಾನೂನೇ ಬಡವರಿಗೆ ದಾರಿ ಬಿಟ್ಟಿತ್ತು (ಯಾಜಕಕಾಂಡ 12:8). ಪವಿತ್ರ ಕುಟುಂಬ ಕೊಟ್ಟದ್ದು ಆ ಬಡವರ ಕಾಣಿಕೆಯನ್ನೇ. ದೇವರ ಕಾನೂನಿನೊಳಗೇ ದಯೆಯ ಬಾಗಿಲು ಇರುತ್ತದೆ. ಅದನ್ನು ಕಾಣುವ ಕಣ್ಣು ಬೇಕು.

ಇಂದಿನ ಧರ್ಮಸಭೆಯ ಕಾನೂನು

ಹಾಗಾದರೆ ಕೂಡ್ಲಿಗಿಯ ಆ ತಾಯಿಗೆ ಧರ್ಮಸಭೆಯ ಕಾನೂನು ನಿಜವಾಗಿ ಏನು ಹೇಳುತ್ತದೆ? 868ನೆಯ ವಿಧಿಯ ಪ್ರಕಾರ ಕೂಸಿನ ಜ್ಞಾನಸ್ನಾನಕ್ಕೆ ತಂದೆತಾಯಿಗಳಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆಯುವುದೆಂಬ ಭರವಸೆ ಇರಬೇಕು. ಒಬ್ಬರು ಸಾಕು! ಭರವಸೆ ಸ್ವಲ್ಪವೂ ಇಲ್ಲದಿದ್ದರೆ ಕಾರಣ ತಿಳಿಸಿ ಮುಂದೂಡಬೇಕು ಎನ್ನುತ್ತದೆ ಆ ವಿಧಿ. ತಂದೆಯನ್ನು ಹಿಡಿದು ತಂದರೆ ಮಾತ್ರ ಜ್ಞಾನಸ್ನಾನ ಎಂದು ಎಲ್ಲಿಯೂ ಬರೆದಿಲ್ಲ.

ದಾಖಲೆ ಪುಸ್ತಕದ ಮಾತನ್ನು 877ನೆಯ ವಿಧಿ ಹೇಳುತ್ತದೆ. ತಾಯಿಗೆ ಮದುವೆಯಾಗಿಲ್ಲದಿದ್ದರೆ, ಆಕೆಯೇ ತಾಯಿಯೆಂದು ಎಲ್ಲರಿಗೂ ತಿಳಿದಿದ್ದರೆ ಅಥವಾ ಆಕೆ ತಾನಾಗಿ ಕೇಳಿಕೊಂಡರೆ, ಆಕೆಯ ಹೆಸರು ಬರೆಯಬೇಕು. ಸರ್ಕಾರಿ ದಾಖಲೆಯಿದ್ದರೆ, ಇಲ್ಲವೆ ತಂದೆಯೇ ಗುರುಗಳ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಂಡರೆ, ತಂದೆಯ ಹೆಸರನ್ನೂ ಬರೆಯಬೇಕು. ಇಲ್ಲವಾದರೆ ಆ ಜಾಗವನ್ನು ಹಾಗೆಯೇ ಬಿಡಬೇಕು. ನೋಡಿದಿರಾ, ಆ ಸಾಲು ಖಾಲಿ ಉಳಿಯಬಹುದೆಂದು ಕಾನೂನೇ ಒಪ್ಪಿದೆ. ಒಪ್ಪದವರು ನಾವು.

ಧರ್ಮಸಭೆಯೂ ಈ ವಿಷಯದಲ್ಲಿ ಕಲಿಯುತ್ತಾ ಬಂದಿದೆ. 1917ರ ಸಂಹಿತೆಯಂತೆ, ಮದುವೆಯ ಹೊರಗೆ ಹುಟ್ಟಿದವನು ಗುರುವಾಗಬೇಕೆಂದರೆ ಆ ಹುಟ್ಟೇ ಸಾಮಾನ್ಯವಾಗಿ ಅಡ್ಡಿಯಾಗಿತ್ತು, ಅದಕ್ಕೆ ವಿನಾಯಿತಿ ಬೇಕಿತ್ತು. 1983ರ ಸಂಹಿತೆ ಆ ಅಡ್ಡಿಯನ್ನು ಕೈಬಿಟ್ಟಿತು. 2013ರ ಮೇ ತಿಂಗಳ ಒಂದು ಮುಂಜಾನೆಯ ಪ್ರಬೋಧನೆಯಲ್ಲಿ ಜಗದ್ಗುರು ಫ್ರಾನ್ಸಿಸರು ಇದೇ ಸಂಗತಿ ಎತ್ತಿದರು. ಮದುವೆಯಾಗದ ತಾಯಿಯೊಬ್ಬಳು ಹೊಟ್ಟೆಯಲ್ಲಿದ್ದ ಕೂಸನ್ನು ಉಳಿಸಿಕೊಂಡು, ಹೆತ್ತು, ಜ್ಞಾನಸ್ನಾನ ಕೇಳಲು ಬಂದರೆ ಬಾಗಿಲು ಮುಚ್ಚಿರುವುದನ್ನು ಕಾಣುತ್ತಾಳಲ್ಲ ಎಂದು ಮರುಗಿದರು. ಯೇಸು ಸ್ಥಾಪಿಸಿದ್ದು ಏಳು ಸಂಸ್ಕಾರ, ಜನರನ್ನು ತಡೆಯುವ ಎಂಟನೆಯದೊಂದನ್ನು ನಾವು ಸೇರಿಸಿದ್ದೇವೆ ಎಂಬ ಅರ್ಥದಲ್ಲಿ ಎಚ್ಚರಿಸಿದರು.

ಆತ್ಮದ ದಾರಿ ಹಗುರವಲ್ಲ

ಇಲ್ಲಿ ಒಂದು ತಪ್ಪು ತಿಳುವಳಿಕೆ ಬರಬಾರದು. ‘ಹಾಗಾದರೆ ಮದುವೆಯ ಕಟ್ಟು ಬೇಕಿಲ್ಲ, ಕಾನೂನು ಸಡಿಲವಾಯಿತು’ ಎಂದು ಯಾರಾದರೂ ತಿಳಿದರೆ ಅವರು ಏನನ್ನೂ ತಿಳಿದಿಲ್ಲ. ಯೇಸುಸ್ವಾಮಿ ಆ ಹೆಂಗಸಿಗೆ ಶಿಕ್ಷೆ ವಿಧಿಸಲಿಲ್ಲ. ಇನ್ನು ಮುಂದೆ ಪಾಪ ಮಾಡಬೇಡ ಎಂದೂ ಹೇಳಿ ಕಳುಹಿಸಿದರು. ಕೊಲ್ಲಬೇಡ ಎಂಬ ಕಟ್ಟಳೆಯನ್ನು ಅವರು ಕೋಪದವರೆಗೆ ಒಯ್ದರು. ಹಾದರ ಬೇಡ ಎಂಬುದನ್ನು ಕೆಟ್ಟ ನೋಟದವರೆಗೆ ಒಯ್ದರು (ಮತ್ತಾಯ 5). ಅಕ್ಷರ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಆತ್ಮದ ನಡಿಗೆ ಶುರುವಾಗುತ್ತದೆ.

ಕೂಸಿಗೆ ಕಾರಣನಾಗಿ ಮುಖ ಮರೆಸಿಕೊಂಡ ಗಂಡಸಿಗೂ ಈ ಮಾತು ಸೇರಿದೆ. ಪುಸ್ತಕದಲ್ಲಿ ನಿನ್ನ ಹೆಸರಿಲ್ಲದಿರಬಹುದು, ದೇವರ ಮುಂದೆ ಇದೆ. ಪಾಪನಿವೇದನೆಯಲ್ಲಿ ಹೇಳಿಕೊಂಡರೆ ಕ್ಷಮೆ ಉಂಟು. ಆದರೆ ಹಸಿದ ಕೂಸಿನ ಅನ್ನದ ಹೊಣೆ ಅಲ್ಲಿಗೆ ತೀರುವುದಿಲ್ಲ. ಎಷ್ಟು ವರ್ಷ ಕಳೆದಿದ್ದರೂ ಆ ಬಾಗಿಲು ತಟ್ಟು.

ಇನ್ನು ನಾವು. ಅಕ್ಷರಕ್ಕೆ ಬೇಕಾದದ್ದು ಸುಲಭ. ಗುರುಗಳು ಮಗುವಿನ ತಲೆಯ ಮೇಲೆ ನೀರು ಹೊಯ್ದರು, ಪುಸ್ತಕದಲ್ಲಿ ಬರೆದರು, ಮುಗಿಯಿತು. ಮಗು ಸಭೆಗೆ ಸೇರಿತೇ? ಪುಸ್ತಕಕ್ಕೆ ಸೇರಿತು. ಸಭೆಗೆ ಸೇರಿಸಬೇಕಾದವರು ನಾವು. ಹಬ್ಬದ ಊಟಕ್ಕೆ ಆ ತಾಯಿಯನ್ನು ಕರೆದು ನಮ್ಮ ಪಂಕ್ತಿಯಲ್ಲಿ ಕೂರಿಸುತ್ತೇವೆಯೇ? ನಮ್ಮ ಮಕ್ಕಳು ಆ ಮಗುವಿಗೆ ಅಪ್ಪನ ಹೆಸರು ಹಿಡಿದು ಹಂಗಿಸಿದರೆ ಗದರುತ್ತೇವೆಯೇ, ಇಲ್ಲ ನಗುತ್ತೇವೆಯೇ? ಎಲ್ಲಕ್ಕಿಂತ ಕಷ್ಟದ್ದು ಮುಂದಿದೆ. ಆ ಹುಡುಗಿ ಬೆಳೆದು, ಓದಿ, ಗುಣವಂತೆಯಾಗಿ ನಿಂತಾಗ, ನಮ್ಮ ಮಗನಿಗೆ ಆಕೆಯನ್ನು ತಂದುಕೊಳ್ಳುತ್ತೇವೆಯೇ? ಅಥವಾ ಆ ದಿನ ನಾವೂ ‘ಹುಡುಗಿ ಒಳ್ಳೆಯವಳೇ, ಆದರೆ ಮನೆತನ...’ ಎಂದು ಮಾತು ಅರ್ಧಕ್ಕೆ ನಿಲ್ಲಿಸುತ್ತೇವೆಯೇ? ಹತ್ತನೆಯ ತಲೆಮಾರಿನವರೆಗೆ ಎಂಬ ಹಳೆಯ ಕಟ್ಟಳೆಯನ್ನು ಕ್ರಿಸ್ತರು ಶಿಲುಬೆಯ ಮೇಲೆ ಮುಗಿಸಿದರು. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ಅದು ಇನ್ನೂ ನಡೆಯುತ್ತಿದೆ.

ಇನ್ನೊಂದು ಸಾಲು

ಈಗ ಮತ್ತೆ ಆ ಮೇಜಿನ ಬಳಿಗೆ ಬನ್ನಿ. ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆಯ ಹೆಸರಿನ ಜಾಗವನ್ನೇ ನಾವು ನೋಡುತ್ತಾ ನಿಂತೆವು. ಅದೇ ಪುಟದಲ್ಲಿ ಇನ್ನೊಂದು ಜಾಗವಿದೆ: ಜ್ಞಾನತಂದೆ, ಜ್ಞಾನತಾಯಿಯ ಹೆಸರು. ಮಗು ಹುಟ್ಟಿಸಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಅದರ ಹೊಣೆ ಹೊತ್ತಾಗ ತಂದೆಯಾಗುತ್ತಾನೆ ಎಂಬ ವಿಚಾರವನ್ನು ಜಗದ್ಗುರು ಫ್ರಾನ್ಸಿಸರು 2020ರ ಡಿಸೆಂಬರ್ 8ರಂದು ಸಂತ ಜೋಸೆಫರನ್ನು ಕುರಿತು ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಮೊದಲ ಸಾಲು ತುಂಬುವುದು ನಮ್ಮ ಕೈಯಲ್ಲಿಲ್ಲ. ಈ ಎರಡನೆಯ ಸಾಲು ನಮ್ಮ ಕೈಯಲ್ಲಿದೆ.

ಒಂದು ಮನೆಯ ಗಂಡಹೆಂಡಿರು ಒಟ್ಟಾಗಿ ಮುಂದೆ ಬಂದು, “ಬರೀರಿ ನಮ್ಮ ಹೆಸರು. ಈ ಕೂಸಿಗೆ ನಾವದೀವಿ” ಎಂದರೆ ಸಾಕು. ಊರು ಆಡಿಕೊಳ್ಳಬಹುದು. ನಜರೇತಿನ ಜನ ಆಡಿಕೊಳ್ಳದೆ ಬಿಟ್ಟಿದ್ದರೇ? ಯೇಸು ದೊಡ್ಡವರಾಗಿ ಊರಿಗೆ ಮರಳಿದಾಗಲೂ ಅವರನ್ನು ‘ಮರಿಯಳ ಮಗ’ ಎಂದೇ ಕರೆದರು (ಮಾರ್ಕ 6:3). ತಂದೆಯ ಹೆಸರು ಹಿಡಿದು ಮಗನನ್ನು ಕರೆಯುತ್ತಿದ್ದ ಕಾಲ ಅದು. ಆ ಕರೆಯಲ್ಲಿ ಹಂಗಿಸುವ ದನಿ ಇದ್ದಿರಬಹುದು. ತಾಯಿಯ ಹೆಸರಿನಿಂದ ಮಾತ್ರ ಗುರುತಿಸಿಕೊಳ್ಳುವ ನಮ್ಮ ಹಳ್ಳಿಯ ಪ್ರತಿಯೊಂದು ಮಗುವಿನ ಪಕ್ಕದಲ್ಲಿ ಆ ಮರಿಯಮ್ಮನ ಮಗನು ನಿಂತಿದ್ದಾರೆ.

ಜ್ಞಾನತಂದೆಯಾದವನು ಜ್ಞಾನಸ್ನಾನದ ದಿನ ಹೊಸ ಅಂಗಿ ತಂದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮಗುವಿಗೆ ಶಿಲುಬೆಯ ಗುರುತು ಹಾಕಲು ಕಲಿಸಬೇಕು, ಶಾಲೆಗೆ ಸೇರಿಸುವ ದಿನ ಜೊತೆಗೆ ಹೋಗಬೇಕು, ಜ್ವರ ಬಂದ ರಾತ್ರಿ ತಾಯಿ ಒಬ್ಬಳೇ ಆಗದಂತೆ ನೋಡಿಕೊಳ್ಳಬೇಕು. ಜೋಸೆಫರು ಈಜಿಪ್ಟಿನ ದಾರಿಯಲ್ಲಿ ಮಾಡಿದ್ದೂ ಇದನ್ನೇ. ಅವರ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಎದ್ದರು, ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಹೊರಟರು ಎಂದಷ್ಟೇ ಇದೆ.

ಆ ತಾಯಿ ಇನ್ನೂ ಬಸ್‌ಸ್ಟ್ಯಾಂಡಿನಲ್ಲೇ ಇದ್ದಾಳೆ, ಬಸ್ಸು ಹೊರಟಿಲ್ಲ ಎಂದುಕೊಳ್ಳಿ. ನಮ್ಮಲ್ಲಿ ಯಾರು ಎದ್ದು ಹೋಗಿ ಕರೆದ ತರುತ್ತೀರಿ?

ಮನೆಯಲ್ಲಿ ಕೂಡಿ ಮಾತನಾಡಲು

1. ‘ಯಾರ ಮಗ? ಯಾವ ಮನೆತನ?’ ಎಂಬ ನಮ್ಮ ಪ್ರಶ್ನೆ ಯಾರಿಗಾದರೂ ನೋವು ಕೊಟ್ಟಿದೆಯೇ? ಅವರಲ್ಲಿ ಹೋಗಿ ಮಾತನಾಡಬಹುದೇ?

2. ನಮ್ಮ ಧರ್ಮಕೇಂದ್ರದಲ್ಲಿ ನಾಚಿಕೆಯಿಂದಲೋ ಅಂಜಿಕೆಯಿಂದಲೋ ದೂರ ಉಳಿದ ತಾಯಿಮಕ್ಕಳಿದ್ದಾರೆಯೇ? ನಮ್ಮ ಮನೆಯಿಂದ ಯಾರು ಮೊದಲು ಹೋಗುತ್ತೀರಿ?

3. ನಾವು ಜ್ಞಾನತಂದೆ, ಜ್ಞಾನತಾಯಿಯಾಗಿ ನಿಂತ ಮಕ್ಕಳು ಇಂದು ಎಲ್ಲಿದ್ದಾರೆ, ಹೇಗಿದ್ದಾರೆ?

ಪ್ರಾರ್ಥನೆ

ಓ ಯೇಸುವೇ, ಮರಿಯಮ್ಮನವರ ಮಗನೇ, ನಿಮ್ಮ ಕಟ್ಟಳೆಯನ್ನು ಕಲ್ಲಿನಂತೆ ಹಿಡಿಯದೆ ರೊಟ್ಟಿಯಂತೆ ಹಂಚಲು ನಮಗೆ ಕಲಿಸಿರಿ. ತಂದೆಯ ಹೆಸರಿಲ್ಲದ ಕೂಸುಗಳನ್ನು ನಿಮ್ಮ ಹೆಸರಿನಲ್ಲಿ ಎತ್ತಿಕೊಳ್ಳುವ ಧೈರ್ಯ ಕೊಡಿರಿ. ನೀತಿವಂತರಾದ ಸಂತ ಜೋಸೆಫರೇ, ನಮ್ಮ ಮನೆಗಳಿಗಾಗಿಯೂ ನಮ್ಮ ಸೀಮೆಯ ಎಲ್ಲ ತಾಯಿಮಕ್ಕಳಿಗಾಗಿಯೂ ಪ್ರಾರ್ಥಿಸಿರಿ. ಆಮೆನ್.